ನಾನು ಉಡಿ ತುಂಬಿ ಕಳಿಸಿದ ವೈನಿ

ನಮ್ಮ ವೈನಿ ಮಾತಾಡುವಾಗ ತುಟಿಯ ಮೂಲೆಯಲ್ಲಿ ಸೂಜಿ ಇರುತ್ತಿತ್ತು. ಒಂದು, ಕೆಲವೊಮ್ಮೆ ಎರಡು. ಆ ಸೂಜಿ ಬೀಳದಂತೆ ಬಾಯಿಯನ್ನು ಅರ್ಧವೇ ತೆರೆದು ಆಕೆ ಬೈಯುತ್ತಿದ್ದಳು, ನಗುತ್ತಿದ್ದಳು, ಕೂಸಿಗೆ ಜೋಗುಳವನ್ನೂ ಹಾಡುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅವ್ವ ಅದನ್ನು ನೋಡಿ ಹೆದರಿದ್ದಳು.

"ಏ ಯವ್ವಾ, ನುಂಗಿಗಿಂಗೀ ಮತ್ತ!"

"ನುಂಗಿದ್ರ ಒಳಗ ಹರದದ್ದು ಏನರ ಇದ್ರ ಹೊಲೀತೈತಿ ಬಿಡ್ರಿ ಅತ್ತಿ," ಎಂದಳು ವೈನಿ, ಸೂಜಿ ಅಲುಗದ ಹಾಗೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಮನೆಯಲ್ಲಿ ಆಕೆ ಇದ್ದದ್ದು ಐದು ವರ್ಷ. ಹೋಗಿ ಇಪ್ಪತ್ತು ವರ್ಷವಾಯಿತು. ಈ ಶ್ರಾವಣದಲ್ಲಿ ತೀರಿಕೊಂಡಳು. ಡೈವೋರ್ಸ್ ಆದ ಮೇಲೆ ಆಕೆ ಅಣ್ಣನಿಗೆ ಏನೂ ಆಗಬೇಕಿಲ್ಲ ಎಂದು ಕೋರ್ಟಿನ ಕಾಗದ ಹೇಳುತ್ತದೆ. ನನಗೆ ಏನಾಗಬೇಕು ಎಂದು ಯಾವ ಕಾಗದವೂ ಹೇಳಲಿಲ್ಲ. ಆದ್ದರಿಂದ ನಾನು ಈಗಲೂ ವೈನಿ ಎಂದೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಒಮ್ಮೆ ಕೋರ್ಟಿನಲ್ಲಿ ನಿಂತು ಆ ಹೆಸರು ಹೇಳಿದ್ದೆ. ಅಷ್ಟೇ ಸಾಕು.

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಚಿಕ್ಕವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತು. ಶಾಲೆ ದೂರ, ಅಪ್ಪನ ಸೈಕಲ್ಲೇ ಗತಿ. ಅಪ್ಪನ ಪಾಳಿ ಬದಲಾದಾಗ ನನ್ನ ಶಾಲೆಯೂ ನಿಂತಿತು. ಅಪ್ಪ ಮುನಿರಾಬಾದಿನಲ್ಲಿ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದ. ಡ್ಯಾಮಿನ ಕಾಲೊನಿಯಲ್ಲಿ ನಮ್ಮದು ಎರಡು ಕೋಣೆಯ ಕ್ವಾರ್ಟರ್ಸು. ಅಣ್ಣ ಆಗಿನ್ನೂ ಸಿಕ್ಕ ಕೂಲಿಗೆ ಹೋಗುತ್ತಿದ್ದ. ಅಂಥ ಮನೆಗೆ ಕುಕನೂರಿನಿಂದ ವೈನಿ ಬಂದಳು. ಮದುವೆಯ ಮರುದಿನ ಟೆಂಪೊದಿಂದ ಇಳಿಯುವಾಗ ಆಕೆಯ ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ಏನೋ ಇತ್ತು. ಯಾರು ಕೈ ಚಾಚಿದರೂ ಕೊಡಲಿಲ್ಲ.

"ಏನ ಸೊಸಿ, ಬರೂವಾಗನ ಕೂಸು ತಂದಿ?" ಎಂದು ಎದುರು ಮನೆಯ ಚಾಚಿ ನಕ್ಕಳು.

ಬಿಚ್ಚಿದಾಗ ಒಳಗಿದ್ದದ್ದು ಕೈಯಿಂದ ತಿರುವುವ ಹೊಲಿಗೆ ಮಷಿನ್ನು. ಕಪ್ಪು ಬಣ್ಣ, ಹೊಟ್ಟೆಯ ಮೇಲೆ ಬಂಗಾರದ ಬಣ್ಣದ ಬಳ್ಳಿ, ಅರ್ಧ ಅಳಿಸಿತ್ತು. ಆಕೆಯ ಟ್ರಂಕಿನಲ್ಲಿ ಸೀರೆಗಳಿಗಿಂತ ದಾರದ ಉಂಡೆಗಳೇ ಹೆಚ್ಚಿದ್ದವು.

ನನಗೆ ಹೊಲಿಗೆ ಕಲಿಸಬೇಕೆಂದು ಅಪ್ಪನಿಗೆ ಮೊದಲೇ ಆಸೆ ಇತ್ತು. ಮದುವೆಯಾಗದ ಹುಡುಗಿಗೆ ಕೈಯಲ್ಲೊಂದು ಕಸುಬು ಇರಲಿ ಎಂದು ಹೊಸಪೇಟೆಯ ಹೊಲಿಗೆ ಕ್ಲಾಸಿಗೆ ಕಳಿಸಿದ್ದ. ಅಲ್ಲಿ ಎಲ್ಲವೂ ಕಾಲಿನಿಂದ ತುಳಿಯುವ ಮಷಿನ್ನು. ಮೂರು ದಿನಕ್ಕೆ ತಿರುಗಿ ಬಂದೆ. ಇದನ್ನು ಕೇಳಿ ವೈನಿ ಬಾಯಿಂದ ಸೂಜಿ ತೆಗೆದಳು. ಸೂಜಿ ತೆಗೆದರೆ ಮಾತು ಗಟ್ಟಿ ಇದೆ ಎಂದು ಅರ್ಥ.

"ಹೊಲಿಗಿ ಕಾಲಾಗ ಎಲ್ಲೈತಿ ತಂಗಿ? ಕಣ್ಣಾಗ ಐತಿ. ಬಾ ಇಲ್ಲಿ, ಕುಂದರು."

ನೆಲದ ಮೇಲೆ ಕೂತು, ಬಲಗೈಯಲ್ಲಿ ಚಕ್ರ ತಿರುವುತ್ತಾ ಎಡಗೈಯಲ್ಲಿ ಬಟ್ಟೆ ಸರಿಸುವುದನ್ನು ಕಲಿತೆ. ಮೊದಲ ವಾರ ನನ್ನ ಹೊಲಿಗೆ ಎತ್ತೆತ್ತಲೋ ಹೋಗುತ್ತಿತ್ತು. ವೈನಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಹೊಲದ ಹಾದಿ ಇದ್ದಂಗ ಐತಿ, ಎತ್ತಿಗೂ ಕಾಲು ಉಳಕತೈತಿ" ಎಂದು ನಗುತ್ತಿದ್ದಳು. ಬಿಚ್ಚಿ ಮತ್ತೆ ಹೊಲಿಸುತ್ತಿದ್ದಳು. ಆಮೇಲೆ ಬಿಚ್ಚಿಸಿದ್ದಕ್ಕಾಗಿ ಒಂದು ಚಹಾ ಮಾಡಿಕೊಡುತ್ತಿದ್ದಳು.

ಓದುವುದನ್ನೂ ನಾನು ಆಕೆಯಿಂದಲೇ ಮತ್ತೆ ಕಲಿತೆ. ಕುಬಸದ ಅಳತೆಗೆ ಹಳೆಯ ಪೇಪರ್ ಕತ್ತರಿಸುತ್ತಿದ್ದಳಲ್ಲ, ಕತ್ತರಿ ಹೋದಂತೆ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಂಕುಳ ಬಂದಲ್ಲಿ ಸುದ್ದಿ ತುಂಡಾಗುತ್ತಿತ್ತು. "ಮುಂದೇನಾತು ವೈನಿ?" ಎಂದರೆ, "ಮುಂದಿಂದು ತೋಳಿನ್ಯಾಗ ಐತಿ, ನೀನ ಹುಡುಕು" ಎಂದು ಚೂರುಗಳ ರಾಶಿಯನ್ನು ನನ್ನತ್ತ ತಳ್ಳುತ್ತಿದ್ದಳು. ಆ ಚೂರುಗಳನ್ನು ಜೋಡಿಸಿ ಜೋಡಿಸಿ ನನಗೆ ಅಕ್ಷರ ಮರಳಿ ಬಂದವು. ಇವತ್ತು ಇದನ್ನು ಬರೆಯುವ ಶಕ್ತಿ ಅಲ್ಲಿಂದ ಬಂದದ್ದು.

ಟೇಪು ಹಿಡಿದು ಅಳತೆ ತೆಗೆಯುವುದು ಆಕೆಗೆ ಸೇರುತ್ತಿರಲಿಲ್ಲ. ಹೆಂಗಸು ಬಾಗಿಲಲ್ಲಿ ನಿಂತರೆ ಒಮ್ಮೆ ನೋಡುತ್ತಿದ್ದಳು, ಕೈ ಎತ್ತಿಸಿ ಒಮ್ಮೆ ನೋಡುತ್ತಿದ್ದಳು, ಮುಗಿಯಿತು. ಕಾಲೊನಿಯ ದೊಡ್ಡ ಸಾಹೇಬರ ಹೆಂಡತಿ ಒಮ್ಮೆ ಹಳೆಯ ಕುಬಸ ತಂದು, "ಇದು ಬಿಗಿ ಆಗೇತಿ, ನಾ ದಪ್ಪ ಆಗೀನೇನ?" ಎಂದು ಕೇಳಿದರು. ವೈನಿ ಕುಬಸವನ್ನು ತಿರುಗಿಸಿ ಮುರುಗಿಸಿ ನೋಡಿ, "ಇಲ್ಲ ಬಿಡ್ರಿ ಅಕ್ಕಾರ, ಬಟ್ಟಿ ಕುಗ್ಗೈತಿ. ಈಗೀಗಿನ ಬಟ್ಟಿಗೆ ಮಾನ ಇಲ್ಲ" ಎಂದಳು. ಅವರು ಹೋದ ಮೇಲೆ ನಾನು ನಕ್ಕೆ. "ನಗಬ್ಯಾಡ. ಹೊಲಿಯಾಕಿ ಬಾಯಾಗ ಸೂಜಿ ಇರಬೇಕು, ಮಂದಿ ಮೈ ಸುದ್ದಿ ಇರಬಾರ್ದು," ಎಂದಳು.

ಆಕೆಯಲ್ಲಿ ಕುಂದುಗಳಿರಲಿಲ್ಲ ಎಂದಲ್ಲ. ಹಟಮಾರಿ. ಕೈಯಲ್ಲಿ ಕೆಲಸ ಹಿಡಿದರೆ ಒಲೆಯ ಮೇಲಿನ ರೊಟ್ಟಿ ಕರಿಯಾದರೂ ಏಳುತ್ತಿರಲಿಲ್ಲ. ಸಿಟ್ಟು ಬಂದರೆ ಎದುರಿಗಿದ್ದವರು ಅತ್ತೆಯೋ ಗಂಡನೋ ಎಂದು ನೋಡುತ್ತಿರಲಿಲ್ಲ. ದಾರ, ಗುಂಡಿ, ಅಸ್ತರಿನ ಬಟ್ಟೆ ತರಲು ನದಿ ದಾಟಿ ಹೊಸಪೇಟೆಗೆ ಹೋದರೆ ಹೊತ್ತಿನ ಪರಿವೆ ಇಲ್ಲ. ಅಂಗಡಿಯವನ ಕಪಾಟಿನಲ್ಲಿದ್ದ ಬಣ್ಣಗಳನ್ನೆಲ್ಲ ಬಿಚ್ಚಿಸಿ ನೋಡಿ ಎರಡು ಉಂಡೆ ತರುತ್ತಿದ್ದಳು. ಜೊತೆಗೆ ನನಗೊಂದು ಪೊಟ್ಟಣ ಮಿರ್ಚಿ. "ಅವ್ವಗ ಹೇಳಬ್ಯಾಡ, ಸೆರಗಿನ್ಯಾಗ ಇಟ್ಕೊಂಡು ತಿನ್ನು."

ಮದುವೆಯಾದ ಎರಡನೆಯ ವರ್ಷ ಹೆಣ್ಣು ಕೂಸಾಯಿತು. ವೈನಿ ಮಷಿನ್ ತಿರುವುವಾಗ ಕೂಸು ನನ್ನ ತೊಡೆಯ ಮೇಲೆ. ನನ್ನ ಸೊರಗಿದ ಕಾಲಿನ ಮೇಲೆ ಕೂಸು ಸರಿಯಾಗಿ ಕೂಡುತ್ತಿತ್ತು, ತೊಟ್ಟಿಲು ಮಾಡಿಸಿದ ಹಾಗೆ. ಹಾಗೆಂದು ಮೊದಲು ಹೇಳಿದವಳೂ ವೈನಿಯೇ. ನನ್ನ ಕಾಲಿಗೆ ಅದೊಂದು ಉಪಯೋಗವಿದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಅದೇ ವರ್ಷದ ಕೊನೆಗೆ ಅಪ್ಪ ತೀರಿಕೊಂಡ. ಅಪ್ಪನ ಬದಲಿಗೆ ಅಣ್ಣನಿಗೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಅಣ್ಣ ಕೆಟ್ಟವನಲ್ಲ. ಮಾತು ಕಡಿಮೆ, ಮನಸ್ಸಿನೊಳಗೇ ಲೆಕ್ಕ ಹಾಕುವವನು. ಕೂಲಿಗೆ ಹೋಗುವಾಗ ಹೆಂಡತಿಯ ಹೊಲಿಗೆಯ ದುಡ್ಡು ಮನೆಗೆ ಬರುತ್ತಿದ್ದದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ನೌಕರಿ ಬಂದ ಮೇಲೆ ಬೇಸರ ಶುರುವಾಯಿತು. ಆಫೀಸಿನಲ್ಲಿ ಯಾರೋ, "ನಮ್ಮ ಮನ್ಯಾಕಿ ಕುಬಸ ನಿಮ್ಮ ಮನ್ಯಾಗ ಐತಂತ, ಆತೇನು ಕೇಳಿ ಬಾ" ಎಂದರಂತೆ. ಅವತ್ತು ಮನೆಗೆ ಬಂದು ಊಟ ಬಿಟ್ಟ.

"ನೌಕರದಾರನ ಹೆಂಡತಿ ಮಂದಿ ಕುಬಸ ಹೊಲೀತಾಳಂದ್ರ ನನ್ನ ಮಾರಿ ಏನಾಗಬೇಕು?"

"ಕುಬಸ ನಾ ಹೊಲೀತೀನಿ, ಮಾರಿ ನಿಂದ್ಯಾಕ ಹೋಗತೈತಿ?" ಎಂದಳು ವೈನಿ. ಸೂಜಿ ಬಾಯಲ್ಲೇ ಇತ್ತು. ಅದರಿಂದ ಅಣ್ಣನಿಗೆ ಇನ್ನೂ ಸಿಟ್ಟು ಬಂತು.

ಕೂಸಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಅದು ಕೊನೆಗೆ ಬಂತು. ವೈನಿ ಬೆಳಿಗ್ಗೆ ಹೊಸಪೇಟೆಗೆ ಹೋಗಿದ್ದಳು. ಹೋಗುವಾಗ ಕೂಸು ಆಡುತ್ತಿತ್ತು. ಹನ್ನೊಂದರ ಹೊತ್ತಿಗೆ ಮೈ ಬಿಸಿಯಾಯಿತು, ಒಂದು ಗಂಟೆಗೆ ಸುಡತೊಡಗಿತು. ಅಣ್ಣ ಊಟಕ್ಕೆ ಬಂದ. ಬಸ್ಸು ತಪ್ಪಿ ವೈನಿ ಬಂದಾಗ ಮೂರು ಗಂಟೆ. ಕೈಯಲ್ಲಿ ಗುಂಡಿಯ ಪೊಟ್ಟಣ.

"ಕೂಸು ಸುಡಾಕತ್ತೈತಿ, ನೀ ಗುಂಡಿ ಆರಿಸಾಕ ಹೋಗೀದಿ?" ಅಣ್ಣ ಒಳಗೆ ಹೋಗಿ ಆಕೆಯ ಟ್ರಂಕನ್ನು ತಂದು ಕಟ್ಟೆಯ ಮೇಲೆ ಇಟ್ಟ. ಮಷಿನ್ನನ್ನೂ ತಂದ. "ನಡಿ ನಿಮ್ಮ ಊರಿಗೆ. ಇದನ್ನೂ ಒಯ್ಯಿ. ಇಲ್ಲಂದ್ರ ಕಾಲುವಿಗೆ ಒಗೀತೀನಿ."

ವೈನಿ ಕೂಸನ್ನು ಎತ್ತಿಕೊಳ್ಳಲು ಬಂದಳು. ಕೂಸು ನನ್ನ ತೊಡೆಯ ಮೇಲೆ ಆಗಷ್ಟೇ ಕಣ್ಣು ಮುಚ್ಚಿತ್ತು. ನಾನೇ ತಡೆದೆ. "ಬಿಸಿಲಾಗ, ಜ್ವರದಾಗ ಎಲ್ಲಿ ಒಯ್ತಿ ವೈನಿ? ನಾ ನೋಡ್ಕೋತೀನಿ. ಮಷಿನ್ ಒಯ್ಯಿ, ಅಣ್ಣ ಖರೇನ ಒಗೀತಾನ. ನಾಲ್ಕ ದಿನ ಬಿಟ್ಟು ಬಾ, ಅವನ ಸಿಟ್ಟೂ ಇಳೀತೈತಿ, ಕೂಸಿನ ಜ್ವರಾನೂ ಇಳೀತೈತಿ."

ಆಕೆ ನನ್ನ ಮುಖ ನೋಡಿದಳು. ನನ್ನನ್ನು ನಂಬಿದಳು.

ಅಷ್ಟರಲ್ಲಿ ಚಾಚಿ ತನ್ನ ಬಾಗಿಲಿಗೆ ಬಂದಿದ್ದಳು. ಆಚೀಚೆ ಮನೆಯವರೂ ನಿಂತಿದ್ದರು. ಅವ್ವ ನನ್ನ ಕಿವಿಯಲ್ಲಿ, "ಬರೇ ಉಡೀಲೆ ಕಳಸಬಾರ್ದು. ಮಂದಿ ನೋಡಾಕತ್ತಾರ. ಉಡಿ ತುಂಬು" ಎಂದಳು. ಅವ್ವ ತುಂಬುವಂತಿರಲಿಲ್ಲ, ಅಪ್ಪ ಹೋಗಿದ್ದ. ಮನೆಯಲ್ಲಿ ಉಳಿದ ಹೆಣ್ಣೆಂದರೆ ನಾನೊಬ್ಬಳೇ. ನಮ್ಮ ಕಡೆ ತವರಿಗೆ ಹೊರಟ ಹೆಣ್ಣುಮಗಳನ್ನು ಉಡಿ ತುಂಬಿಯೇ ಕಳಿಸುವುದು. ಸಂತೋಷದಿಂದ ಹೋಗಿ ಸಂತೋಷದಿಂದ ಬಾ ಎಂದು. ಕೂಸನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿ, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ ತಂದೆ. ಕುಬಸದ ಖಣ ಮನೆಯಲ್ಲಿ ಬೇರೆ ಇರಲಿಲ್ಲ, ಯಾರದೋ ಹೊಲಿಯಲು ಬಂದಿದ್ದ ಖಣವನ್ನೇ ಇಟ್ಟೆ. ವೈನಿ ಹೊಸ್ತಿಲಲ್ಲಿ ನಿಂತು ಸೆರಗು ಒಡ್ಡಿದಳು. ನಾನು ಅಳುತ್ತಾ ಐದು ಸಲ ಹಾಕಿದೆ. ಅವಳು ಆ ಅಕ್ಕಿಯಿಂದ ಒಂದು ಹಿಡಿ ತೆಗೆದು ತಿರುಗಿ ನಮ್ಮ ಮನೆಯೊಳಗೆ ಹಾಕಿದಳು, ಮನೆ ಬರಿದಾಗಬಾರದೆಂದು. ಆಮೇಲೆ ಆಟೋ ಬಂತು.

ನಾಲ್ಕನೆಯ ದಿನ ವೈನಿ ಬಂದಳು. ಅಣ್ಣ ಬಾಗಿಲು ತೆಗೆಯಲಿಲ್ಲ. ತಿಂಗಳು ಬಿಟ್ಟು ತನ್ನ ತಂದೆಯ ಜೊತೆ ಬಂದಳು. ಹಿರಿಯರು ಕೂಡಿದರು, ಎದ್ದರು. ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಅಣ್ಣ ಕೊಪ್ಪಳದಲ್ಲಿ ವಕೀಲರನ್ನು ಹಿಡಿದು ಕೇಸು ಹಾಕಿದ. ಹೆಂಡತಿ ತಾನಾಗಿ ಮನೆ ಬಿಟ್ಟು ಹೋಗಿದ್ದಾಳೆ, ಎರಡು ವರ್ಷದ ಮೇಲಾಯಿತು, ಬಿಡುಗಡೆ ಕೊಡಿಸಿ, ಮಗಳನ್ನು ನನ್ನ ಹತ್ತಿರ ಇಡಿ ಎಂದು.

ವೈನಿ ಕೊನೆಯ ಬಾರಿ ಹಿರಿಯರ ಮುಂದೆ ಹೇಳಿದ್ದು ನನಗೆ ಬಾಯಿಪಾಠವಿದೆ. "ನನ್ನ ಮಗಳನ್ನ ನನಗ ಕೊಡ್ರಿ. ಬಿಡುಗಡಿ ಬೇಕಂದ್ರ ಅವರು ತಗೊಳ್ಳಲಿ, ಬ್ಯಾಡನ್ನಂಗಿಲ್ಲ. ಆದ್ರ ನಾ ಬಿಟ್ಟು ಹೋದೆ ಅಂತ ಮಾತ್ರ ಬರೀಬ್ಯಾಡ್ರಿ. ನಾಳೆ ದೊಡ್ಡಾಕಿ ಆಗಿ ನನ್ನ ಮಗಳು ಅದನ್ನ ಓದ್ತಾಳ."

ವಕೀಲರ ಕೋಣೆಯಲ್ಲಿ ಅವ್ವ, ನಾನು, ಅಣ್ಣ ಕೂತಿದ್ದೆವು. ಆಕೆ ತಾನಾಗಿ ಹೋದಳು ಎನ್ನುವುದಕ್ಕೆ ಏನಿದೆ ಎಂದು ವಕೀಲರು ಕೇಳುತ್ತಿದ್ದರು. ಅವ್ವ ಏನೋ ನೆನಪಾಗಿ, "ಛಲೋತಂಗ ಉಡಿ ತುಂಬಿ ಕಳಿಸೀವ್ರಿ, ನಾವೇನ ಕಡಿಮಿ ಮಾಡಿಲ್ಲ" ಎಂದಳು.

ವಕೀಲರು ಪೆನ್ನು ಕೆಳಗಿಟ್ಟರು. "ಏನಂದ್ರಿ? ಉಡಿ ತುಂಬಿದ್ರಾ? ಯಾರು?"

"ಇಕಿ. ನನ್ನ ಮಗಳು."

"ಮಂದಿ ನೋಡ್ಯಾರ?"

"ಕಾಲೊನಿ ಮಂದೆಲ್ಲಾ ನೋಡೈತ್ರಿ."

"ಇದ ಬೇಕಾಗಿತ್ತು ನೋಡ್ರಿ," ಎಂದು ವಕೀಲರು ನನ್ನ ಕಡೆ ತಿರುಗಿದರು. "ಹೊರಗ ಹಾಕಿದಾಕಿಗೆ ಯಾರೂ ಉಡಿ ತುಂಬಂಗಿಲ್ಲ. ಯಾವ ಜಡ್ಜ್ ಸಾಹೇಬ್ರಿಗೂ ಗೊತ್ತಿರೂ ಮಾತು."

ಹೀಗೆ ನಾನು ಸಾಕ್ಷಿಯಾದೆ. ವಕೀಲರು ಬರೆಸಿದ ಕಾಗದದಲ್ಲಿ ಉಡಿ ತುಂಬಿದ್ದು ಇತ್ತು, ಐದು ಸಲ ಅಕ್ಕಿ ಹಾಕಿದ್ದಿತ್ತು, ಖಣ ಇಟ್ಟದ್ದಿತ್ತು. ಅದೆಲ್ಲ ಖರೆಯೇ. ಖರೆಯಲ್ಲದ್ದು ಕೋರ್ಟಿನಲ್ಲಿ ನನ್ನ ಬಾಯಿಂದ ಬಂದದ್ದು.

ವೈನಿಯ ಪರವಾಗಿ ಒಬ್ಬ ಹೆಣ್ಣುಮಗಳು ವಕೀಲರಿದ್ದರು. ಕಟಕಟೆಯಲ್ಲಿ ನಿಂತ ನನ್ನನ್ನು ನೋಡಿ ಮೊದಲು ಕುರ್ಚಿ ಕೊಡಿಸಿದರು. ಆಮೇಲೆ ಕೇಳಿದರು, "ಟ್ರಂಕನ್ನ ಒಳಗಿಂದ ಹೊರಗ ತಂದಿಟ್ಟವರು ಯಾರು?"

ನಾನು ಅಂದೆ, "ಆಕೀನ ತಂದಿಟ್ಕೊಂಡ್ಲುರಿ."

"ಮೂರು ವರ್ಷದ ಕೂಸನ್ನ ಬಿಟ್ಟು ಹೋಗು ಅಂತ ಆಕೀಗೆ ಹೇಳಿದವರು ಯಾರು?"

ಎದುರಿಗೆ ಬೆಂಚಿನ ತುದಿಯಲ್ಲಿ ವೈನಿ ಕೂತಿದ್ದಳು. ಬಾಯಲ್ಲಿ ಸೂಜಿ ಇಲ್ಲದ ಆಕೆಯ ಮುಖ ನನಗೆ ಬೇರೆಯವರ ಮುಖದಂತೆ ಕಂಡಿತು. ಪ್ರಶ್ನೆ ಕೇಳಿದ ಕೂಡಲೇ ಆಕೆ ತಲೆ ಎತ್ತಿದಳು. ಈ ಒಂದು ಮಾತಿನಲ್ಲಿ ನಾನು ಸುಳ್ಳು ಹೇಳಲಾರೆ ಎಂದು ಆಕೆಗೆ ನಂಬಿಕೆ ಇತ್ತು ಎಂದು ಕಾಣುತ್ತದೆ.

"ಯಾರೂ ಹೇಳಿಲ್ರಿ. ಮಷಿನ್ ಒಯ್ದು ಕೂಸಿನ ಬಿಟ್ಟು ಹೋದ್ಲು."

ಜಡ್ಜ್ ಸಾಹೇಬರು ಅದನ್ನು ಬರೆಸಿದರು. ಟೈಪ್ ಮಾಡುವ ಸದ್ದು ನಿಂತ ಮೇಲೆ ನನ್ನನ್ನು ಇಳಿಸಿದರು.

ಹೊರಗೆ ಪಡಸಾಲೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದೆ. ವೈನಿ ಎದುರಿಗೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಆಕೆಯ ಕಣ್ಣು ನನ್ನ ತೋಳಿನ ಮೇಲೆ ನಿಂತಿತು.

"ಕಂಕಳದಾಗ ಹೊಲಿಗಿ ಬಿಚ್ಚೈತಿ ನೋಡು. ಮಂದ್ಯಾಗ ಅದೀ, ಸೆರಗ ಹೊದ್ಕೋ."

ಅಷ್ಟೇ. ಅದು ಪ್ರೀತಿಯೋ, ಕಸುಬಿನವಳ ಕಣ್ಣಿನ ರೂಢಿಯೋ, ನನ್ನನ್ನು ಚುಚ್ಚಲಿಕ್ಕೆ ಆಡಿದ ಮಾತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಕೆ ಹುಟ್ಟಾ ಹೊಲಿಗೆಯವಳು. ಅಣ್ಣ ಕೇಸು ಗೆದ್ದ, ಬಿಡುಗಡೆ ಆಯಿತು. ಕೂಸು ತಂದೆಯ ಹತ್ತಿರ ಇರಬೇಕು, ತಾಯಿ ತಿಂಗಳಿಗೊಮ್ಮೆ ಐತವಾರ ಬಂದು ನೋಡಬಹುದು ಎಂದಾಯಿತು.

ಆ ಐತವಾರಗಳ ಬಗ್ಗೆ ಬರೆಯದಿದ್ದರೆ ವೈನಿಯ ಬಗ್ಗೆ ಬರೆದ ಹಾಗಾಗುವುದಿಲ್ಲ. ಕುಕನೂರಿನಿಂದ ಮೊದಲ ಬಸ್ಸು ಹಿಡಿದು, ಕೊಪ್ಪಳದಲ್ಲಿ ಬದಲಿಸಿ ಹತ್ತು ಗಂಟೆಗೆ ಬರುತ್ತಿದ್ದಳು. ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಬೇವಿನ ಗಿಡದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕೂಡುತ್ತಿದ್ದಳು. ಮೊದಲ ಐತವಾರ ನಾನು ತಂಬಿಗೆಯಲ್ಲಿ ನೀರು ಒಯ್ದೆ. "ನಿನ್ನ ಕೈಯಾನ ನೀರು ನನಗ ಇಳಿಯಂಗಿಲ್ಲ ತಂಗಿ. ಕೂಸಿನ ಕಳಸು," ಎಂದಳು. ಆಮೇಲೆ ಚಾಚಿಯೇ ನೀರು ಕೊಡತೊಡಗಿದಳು. ಚಾಚಿ ಅವತ್ತು ಕಟ್ಟೆಯ ಮೇಲಿನ ಟ್ರಂಕನ್ನು ಕಣ್ಣಾರೆ ಕಂಡವಳು. ಆಕೆಯ ಗಂಡನೂ ಅದೇ ಇಲಾಖೆಯವನು, ಸಾಕ್ಷಿ ಹೇಳಲು ಬಿಡಲಿಲ್ಲ. ಅದಕ್ಕೆ ಆ ನೀರು.

ಪ್ರತಿ ಸಲ ವೈನಿ ಒಂದು ಫ್ರಾಕು ತರುತ್ತಿದ್ದಳು. ತಿಂಗಳಿಗೊಮ್ಮೆ ನೋಡುವ ಮಗಳ ಅಳತೆ ಹೇಗೆ ತಿಳಿಯುತ್ತಿತ್ತೋ, ಒಂದೂ ಬಿಗಿಯಾಗಲಿಲ್ಲ, ಒಂದೂ ಸಡಿಲಾಗಲಿಲ್ಲ. ಬೆಳೆಯುವುದಕ್ಕೆ ಒಳಗೆ ಎರಡು ಬೆರಳು ಮಡಿಕೆ ಬಿಟ್ಟಿರುತ್ತಿದ್ದಳು. ಶಾಲೆಯಲ್ಲಿ ಗೆಳತಿಯರು ಕೇಳಿದರೆ ಹುಡುಗಿ, "ನಮ್ಮತ್ತಿ ಹೊಲಿದಾಳ" ಎನ್ನುತ್ತಿತ್ತು. ನಾನು ಅಲ್ಲ ಎನ್ನಲಿಲ್ಲ. ಆ ಹೊತ್ತಿಗೆ ನನ್ನದೂ ಒಂದು ಕೈ ಮಷಿನ್ನಿತ್ತು.

ಇಲ್ಲಿ ನನ್ನ ತಪ್ಪನ್ನು ಸರಿಯಾಗಿ ಹೇಳಬೇಕು. ನಾನು ಅಣ್ಣನ ಸಲುವಾಗಿ ಸುಳ್ಳು ಹೇಳಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಒಡಹುಟ್ಟಿದವಳು, ಅವನ ಮನೆಯಲ್ಲಿ ಉಣ್ಣುವವಳು, ಇನ್ನೇನು ಹೇಳಿಯಾಳು ಎಂದು ಚಾಚಿಯೂ ಅಂದಳು. ಅದಲ್ಲ. ಅಣ್ಣನಿಗೆ ಬಿಡುಗಡೆ ಸಿಗಲಿ ಬಿಡಲಿ, ನನಗೆ ಅದು ಬೇಕಾಗಿರಲಿಲ್ಲ. ಆ ಎರಡು ವರ್ಷದಲ್ಲಿ ಕೂಸು ನನ್ನ ಮಗ್ಗುಲಲ್ಲೇ ಮಲಗುತ್ತಿತ್ತು. ನನ್ನ ಕುತ್ತಿಗೆಯ ಮೇಲೆ ಕಾಲು ಹಾಕಿಯೇ ನಿದ್ದೆ ಬರುತ್ತಿತ್ತು ಅದಕ್ಕೆ. ಮದುವೆ ಇಲ್ಲ, ಮಕ್ಕಳಿಲ್ಲ ಎಂದು ಊರೇ ತೀರ್ಮಾನಿಸಿದ್ದ ನನಗೆ ಅದು ಸಿಕ್ಕಿತ್ತು. ನಾನು ಖರೆ ಹೇಳಿದರೆ ಅದು ಕುಕನೂರಿಗೆ ಹೋಗುತ್ತಿತ್ತು. ಟ್ರಂಕಿನ ಸುಳ್ಳು ಅಣ್ಣನದು. ಕೂಸಿನ ಸುಳ್ಳು ನನ್ನದು.

ಅದೂ ಒಂದೇ ಸಲ ಹೇಳಿದ್ದಲ್ಲ. ಹುಡುಗಿ ಬೆಳೆಯುತ್ತಾ, "ಅವ್ವ ಯಾಕ ಇಲ್ಲಿ ಇರಂಗಿಲ್ಲ?" ಎಂದು ಕೇಳಿದಾಗಲೆಲ್ಲ ಮನೆಯಲ್ಲಿ ಒಂದೇ ಉತ್ತರ, ಮಷಿನ್ ಒಯ್ದು ನಿನ್ನ ಬಿಟ್ಟು ಹೋದ್ಲು. ನಮ್ಮ ಅವ್ವ ಹೇಳುತ್ತಿದ್ದಳು, ಅಣ್ಣ ಹೇಳುತ್ತಿದ್ದ, ನಾನು ಸುಮ್ಮನಿರುತ್ತಿದ್ದೆ. ಒಂಬತ್ತನೆಯ ವರ್ಷದಲ್ಲಿ ಹುಡುಗಿ ಬೇವಿನ ಗಿಡದ ಕೆಳಗೆ ಹೋಗಿ, ತಂದ ಫ್ರಾಕನ್ನು ತಾಯಿಯ ತೊಡೆಯ ಮೇಲೆ ತಿರುಗಿ ಇಟ್ಟು, "ನೀ ಇನ್ನ ಬರಬ್ಯಾಡ. ಎಲ್ಲಾರೂ ನಗ್ತಾರ" ಎಂದು ಓಡಿ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿತು. ಕಿಟಕಿಯಿಂದ ನೋಡಿದೆ. ವೈನಿ ಫ್ರಾಕನ್ನು ಮಡಚಿದಳು. ಬಿಚ್ಚಿದಳು, ಮತ್ತೆ ಸರಿಯಾಗಿ ಮಡಚಿದಳು. ಅಂದಿನಿಂದ ಬರಲಿಲ್ಲ.

ಅಣ್ಣ ಮತ್ತೆ ಮದುವೆಯಾದ. ಇಬ್ಬರು ಗಂಡುಮಕ್ಕಳಾದರು. ಹುಡುಗಿ ಪೂರ್ತಿ ನನ್ನದಾಯಿತು. ಓದಿತು, ನರ್ಸಿಂಗ್ ಮುಗಿಸಿತು, ಈಗ ಗಂಗಾವತಿಯ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸದಲ್ಲಿದೆ. ಕೈ ತಾಯಿಯದೇ. ಸೂಜಿ ಚುಚ್ಚಿದರೆ ಪೇಶಂಟಿಗೆ ಗೊತ್ತೇ ಆಗುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಹೊಗಳುತ್ತಾರಂತೆ.

ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚಾಚಿಯ ಮಗ ಫೋನು ಮಾಡಿದ. ವೈನಿ ರಾತ್ರಿ ಹೋಗಿಬಿಟ್ಟಳು, ಸಂಜೆ ನಾಲ್ಕಕ್ಕೆ ಮಣ್ಣು ಎಂದು. ಅಣ್ಣನಿಗೆ ಹೇಳಿದೆ. ಅವನು ಪೇಪರ್ ನೋಡುತ್ತಾ, "ನಮಗೇನು ಸಂಬಂಧ?" ಎಂದ. ನಾನು ಕೋಲು ಹಿಡಿದು ಗಂಗಾವತಿಯ ಬಸ್ಸು ಹತ್ತಿದೆ.

ಹುಡುಗಿ ದವಾಖಾನೆಯ ಮೆಟ್ಟಿಲಿಗೆ ಬಂತು. ಸುದ್ದಿ ಕೇಳಿ ಸ್ವಲ್ಪ ಹೊತ್ತು ಕೊರಳಿನ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿತು. ಆಮೇಲೆ ಅಂದಿತು, "ಇದನ್ನ ಹೇಳಾಕ ಇಷ್ಟು ದೂರ ಬಂದಿಯೇನು ಅತ್ತಿ, ಈ ಕಾಲಾಗ? ಮಷಿನ್ ಒಯ್ದು ನನ್ನ ಬಿಟ್ಟು ಹೋದಾಕಿ. ಆಕಿ ಸತ್ರ ನಾ ಯಾಕ ಹೋಗಲಿ?"

ಕೋರ್ಟಿನಲ್ಲಿ ನಾನು ಆಡಿದ ಮಾತು, ಅದೇ ಮಾತು, ನಾನು ಸಾಕಿದ ಬಾಯಿಂದ ಬಂತು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದೆ. ಜ್ವರ ಹೇಳಿದೆ, ಕಾಲುವೆ ಹೇಳಿದೆ, ನಾಲ್ಕು ದಿನ ಬಿಟ್ಟು ಬಾ ಎಂದದ್ದು ಹೇಳಿದೆ. ನಾಲ್ಕನೆಯ ದಿನ ಆಕೆ ಬಂದದ್ದು, ಬಾಗಿಲು ತೆಗೆಯದ್ದು, ಕೋರ್ಟು, ಫ್ರಾಕುಗಳು. ಮೇಲೆ ಕೆಳಗೆ ಹೋಗುವ ಪೇಶಂಟುಗಳು ನಮ್ಮನ್ನು ದಾಟಿ ಹೋಗುತ್ತಿದ್ದರು. ಯಾಕೆ ಹಾಗೆ ಹೇಳಿದೆ ಎಂಬುದನ್ನೂ ಹೇಳಿದೆ. ಹುಡುಗಿ ಅಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ರಜೆ ಹೇಳಿ ಬ್ಯಾಗು ತಂದಿತು.

"ಏಳು. ಕೊಪ್ಪಳ ಬಸ್ ಐತಿ."

ಕೊಪ್ಪಳದಲ್ಲಿ ಯಲಬುರ್ಗಾ ಬಸ್ಸಿಗೆ ಬದಲಾಯಿಸಿದೆವು. ಹುಡುಗಿ ನನ್ನ ಬದಿಗೇ ಕೂತಿತ್ತು, ಆದರೆ ಮಧ್ಯೆ ಬ್ಯಾಗು ಇಟ್ಟಿತ್ತು. ಭಾನಾಪುರ ದಾಟಿದ ಮೇಲೆ ಕಿಟಕಿಯ ಆಚೆ ನೋಡುತ್ತಲೇ ಕೇಳಿತು, "ಆಕಿ ನನ್ನ ಏನಂತ ಕರೀತಿದ್ಲು?"

ಇಪ್ಪತ್ತು ವರ್ಷ ಆ ಹೆಸರನ್ನು ನಾನು ಬಾಯಿಗೆ ತಂದಿರಲಿಲ್ಲ. "ಎಳ್ಳುಂಡಿ," ಎಂದೆ.

"ಏನು?"

"ಎಳ್ಳುಂಡಿ. ಹುಟ್ಟಿದಾಗ ಕರ್ರಗ, ಗುಂಡಗ ಇದ್ದಿ. ನನ್ನ ಎಳ್ಳುಂಡಿ, ಬಾ ಇಲ್ಲಿ, ಅಂತಿದ್ಲು. ಸೂಜಿ ಬಾಯಾಗ ಇರ್ತಿತ್ತಲ್ಲ, ಅದಕ್ಕ ಪೂರ್ತಿ ಬರ್ತಿರಲಿಲ್ಲ. ಎಉಂಡಿ, ಎಉಂಡಿ ಅಂದಂಗ ಕೇಳ್ತಿತ್ತು."

"ಇನ್ನೊಮ್ಮೆ ಅನ್ನು. ಆಕಿ ಅಂದಂಗ."

ಅಂದೆ. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. ಹುಡುಗಿ ನಕ್ಕ ಹಾಗೆ ಮಾಡಿ ಬ್ಯಾಗಿನ ಮೇಲೆ ಹಣೆ ಇಟ್ಟಿತು. ಕುಕನೂರು ಬರುವವರೆಗೆ ಎತ್ತಲಿಲ್ಲ.

ಬಸ್ಸು ನಿಂತಿತು. ಅದು ಎದ್ದು ಮುಖ ಒರೆಸಿಕೊಂಡಿತು. ನಾನೂ ಕೋಲು ಊರಿ ಏಳಲು ಹೋದೆ. ಹುಡುಗಿ ನನ್ನ ಭುಜದ ಮೇಲೆ ಕೈ ಇಟ್ಟಿತು, ಮೆತ್ತಗೆ, ಪೇಶಂಟನ್ನು ಮಲಗಿಸುವ ಹಾಗೆ.

"ನೀ ಇಳೀಬ್ಯಾಡ ಅತ್ತಿ."

ನಾನು ಕೂತೆ. ಮಂದಿ ಇಳಿದರು, ಹತ್ತಿದರು. ಕಂಡಕ್ಟರ್ ಬಂದು, "ಅಕ್ಕಾರ, ನಿಮ್ಮ ಟಿಕೆಟ್ ಕುಕನೂರ ತನಕ ಐತಿ. ಇಳಿಯಂಗಿಲ್ಲೇನು?" ಎಂದು ಕೇಳಿದ.

"ಇಲ್ಲಪ್ಪ. ಯಲಬುರ್ಗಾಕ ಕೊಡು," ಎಂದು ಆಧಾರ್ ಕಾರ್ಡು ತೆಗೆದು ತೋರಿಸಿದೆ.

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಹುಡುಗಿ ರಸ್ತೆಯ ಬದಿಯ ಬಾಳೆಹಣ್ಣಿನ ಗಾಡಿಯವನ ಮುಂದೆ ನಿಂತು, ತನ್ನ ಅವ್ವನ ಮನೆಗೆ ಹೋಗುವ ದಾರಿ ಯಾವುದು ಎಂದು ಕೇಳುತ್ತಿತ್ತು.